ಬ್ಯಾಟರಿಗೆ ಮುತ್ತಿದ ಇರುವೆಗಳು

"ಕಾಕಾ, ಅದಕ್ಕ ಕೈ ಹಚ್ಚಬ್ಯಾಡ್ರಿ!"

ಸುಮಿತ ಕೂಗುವಷ್ಟರಲ್ಲಿ ತಡವಾಗಿತ್ತು. ಬಸಲಿಂಗಪ್ಪ ಗೋಡೆಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು, ಅಲ್ಲಿ ಸಾಲಾಗಿಟ್ಟಿದ್ದ ಏಳು ಬ್ಯಾಟರಿಗಳಲ್ಲಿ ಮೊದಲನೆಯದರ ನೆತ್ತಿಯ ಮೇಲೆ ಹೆಬ್ಬೆರಳು ಒತ್ತಿಬಿಟ್ಟಿದ್ದ. ಚುರ್ ಎಂದಿತು. ಕೈ ಎಳೆದುಕೊಂಡು ಧೋತರಕ್ಕೆ ಒರೆಸಿಕೊಂಡ.

"ಆಸಿಡ್ ಐತ್ರಿ ಅದು, ಚರ್ಮ ತಿಂತೈತಿ," ಎಂದ ಸುಮಿತ. "ಪೊಲೀಸ್ ನೌಕರಿ ಮುಗದು ನಾಕ ವರ್ಷ ಆತು. ಕಂಡಕಂಡದ್ದಕ್ಕ ಕೈ ಹಾಕೂ ಚಟ ಇನ್ನೂ ಬಿಟ್ಟಿಲ್ಲಲ್ರೀ ಹವಾಲ್ದಾರ ಕಾಕಾ."

"ಚಟ ಅಲ್ಲೋ ತಮ್ಮಾ, ರೋಗ. ನಮ್ಮ ಸತ್ಯವ್ವ ಲಗ್ನ ಆದಾಗಿಂದ ಇದಕ್ಕ ಔಷಧ ಹುಡಕಾಕ್ಹತ್ತಾಳ."

ಹೆಂಡತಿಯ ಹೆಸರು ಹೇಳಿ ನಕ್ಕನೇ ಹೊರತು ಬಸಲಿಂಗಪ್ಪನ ಕಣ್ಣು ಆ ಬ್ಯಾಟರಿಯನ್ನು ಬಿಟ್ಟಿರಲಿಲ್ಲ. ಬೆರಳು ಸುಟ್ಟದ್ದೂ ಮರೆತುಹೋಗುವಂಥದ್ದು ಅಲ್ಲಿ ಕಂಡಿತ್ತು.

ಇರುವೆ.

ಹಳೆ ಬ್ಯಾಟರಿ ಕೊಂಡು ಮಾರುವ ಸುಮಿತನ ಪೀರನವಾಡಿಯ ಆ ತಗಡಿನ ಶೆಡ್ಡಿನಲ್ಲಿ ಲಾರಿಯವು, ಟ್ರ್ಯಾಕ್ಟರಿನವು ಅಂತ ನಲವತ್ತಾದರೂ ಹಳೆ ಬ್ಯಾಟರಿಗಳಿದ್ದವು. ಆ ಹುಳಿ ವಾಸನೆಗೆ ಒಂದು ನೊಣ ಕೂಡ ಒಳಗೆ ಬರುತ್ತಿರಲಿಲ್ಲ. ಆದರೆ ಗೋಡೆ ಬುಡದ ಈ ಏಳಕ್ಕೆ ಮಾತ್ರ ಬಾಗಿಲ ಸಂದಿಯಿಂದ ಕೆಂಪಿರುವೆಯ ಸಾಲು ಹರಿದು ಬಂದಿತ್ತು. ವೈರು ಸಿಕ್ಕಿಸುವ ಎರಡೂ ಟರ್ಮಿನಲ್ಲುಗಳಿಗೆ ಸಕ್ಕರೆ ಮಿಠಾಯಿ ಸಿಕ್ಕಂತೆ ಮುತ್ತಿಕೊಂಡಿದ್ದವು.

ಬಸಲಿಂಗಪ್ಪ ಬಗ್ಗಿ ಮೂಸಿದ. ಮೂವತ್ತೈದು ವರ್ಷ ಖಾಕಿ ಹಾಕಿಕೊಂಡು ಕಳ್ಳಬಟ್ಟಿ ಹಿಡಿದ ಮೂಗು ಅದು. ಸುಳ್ಳು ಹೇಳುತ್ತಿರಲಿಲ್ಲ.

ಬೆಣ್ಣೆ. ಹಳಸಿದ ಎಮ್ಮೆ ಬೆಣ್ಣೆ.

ಸತ್ತ ಸಂಜಯನ ನಗು ಅವನ ಕಿವಿಯೊಳಗೆ ಕೇಳಿತು.

ಸಂಜಯನ ಹೆಣ ಕಣಕುಂಬಿಯ ಕಾಡಿನಲ್ಲಿ, ಎಮ್ಮೆ ಸಾಕುವವರ ಪುಟ್ಟ ಹಟ್ಟಿಯಾದ ಗೌಳಿವಾಡಾದ ಕೆಳಗಿನ ಕಮರಿಯಲ್ಲಿ, ತಲೆ ಒಡೆದ ಸ್ಥಿತಿಯಲ್ಲಿ ಸಿಕ್ಕು ಇವತ್ತಿಗೆ ಐದು ದಿನ. ಅವನ ಚೀಲದಲ್ಲಿ ಸಿಕ್ಕ ಚೀಟಿಯೊಂದರ ಫೋನ್ ನಂಬರು ಹಿಡಿದೇ ಬಸಲಿಂಗಪ್ಪ ಈ ಶೆಡ್ಡಿನ ತನಕ ಬಂದಿದ್ದ.

ಬೆಳಗಾವಿಯ ಕ್ಯಾಂಪಿನಲ್ಲಿ, ಹಳೆ ಬಂಗಲೆಯೊಂದರ ಹಿಂದಿನ ಕುದುರೆಲಾಯದಲ್ಲಿ, ಇಪ್ಪತ್ತೆರಡು ಹೆಂಗಸರು ಜೋಳದ ರೊಟ್ಟಿ ಬಡಿಯುವ ಒಂದು ಕೇಂದ್ರವಿದೆ. ಖಾನಾವಳಿಗೆ, ಹಾಸ್ಟೆಲ್ಲಿಗೆ, ಮದುವೆಮನೆಗೆ ರೊಟ್ಟಿ ಹೋಗುತ್ತದೆ. ಹೆಂಗಸರ ಪಗಾರ ಕಳೆದು ಉಳಿದ ಲಾಭವೆಲ್ಲ ಕರೆಂಟು ಕಾಣದ ಕಾಡಿನ ವಾಡಾಗಳಿಗೆ ಸೋಲಾರ್ ದೀಪವಾಗಿ ಹೋಗುತ್ತದೆ. ಸಂಜಯ ಆ ದೀಪಗಳ ಮೆಕ್ಯಾನಿಕ್. ನಿವೃತ್ತಿಯ ಮೇಲೆ ಬಸಲಿಂಗಪ್ಪ ಅಲ್ಲೇ ಗೇಟು ಕಾಯುತ್ತಿದ್ದ; ಅವನ ತಂಗಿ, ಗಂಡನಿಲ್ಲದ ನಿಂಗವ್ವ, ಅಲ್ಲೇ ರೊಟ್ಟಿ ಬಡಿಯುತ್ತಿದ್ದಳು.

ಚಹಾದ ಹೊತ್ತಿಗೆ ಸಂಜಯ ಎಲ್ಲರ ನಡುವೆ ಕೂತು ಕತೆ ಹೇಳುತ್ತಿದ್ದ. "ಬಸಣ್ಣಮಾಮಾ, ಟರ್ಮಿನಲ್ಲಿಗೆ ವ್ಯಾಸಲೀನ್ ಹಚ್ಚ್ರಿ, ಕಿಲುಬು ಹಿಡಿಯೂದಿಲ್ಲ ಅಂತ ಹೇಳಿ ಬಂದ್ನಿ. ಆ ಗೌಳೇರು ವ್ಯಾಸಲೀನ್ ಎಲ್ಲಿಂದ ತರ್ತಾರ? ಮಕ್ಕಳ ಕೆನ್ನಿಗೆ, ಎಮ್ಮಿ ಗಾಯಕ್ಕ, ಬಾಗಿಲ ತಿರುಗಣಿಗೆ, ಎಲ್ಲಾದಕ್ಕೂ ಅವರದ್ದು ಒಂದ ಔಷಧ. ಹೋಗಿ ನೋಡ್ತೀನಿ, ಬ್ಯಾಟರಿ ತುಂಬ ಬೆಣ್ಣಿ! ಇರುವಿ ಜಾತ್ರಿ!"

ಇಪ್ಪತ್ತೆರಡೂ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕಿದ್ದರು. ಕೇಂದ್ರ ಕಟ್ಟಿದ ಪ್ರಮಿಳಕ್ಕ ಕೂಡ ನಕ್ಕಿದ್ದಳು.

ಬ್ಯಾಟರಿಗೆ ಬೆಣ್ಣೆ ಹಚ್ಚುವವರು ಈ ಇಡೀ ಜಿಲ್ಲೆಯಲ್ಲಿ ಅವರು ಮಾತ್ರ. ಆ ವಾಡಾದಲ್ಲಿ ಮನೆಗಳು ಏಳು. ಇಲ್ಲಿ ಬ್ಯಾಟರಿಗಳು ಏಳು.

ಬಸಲಿಂಗಪ್ಪ ಮೊಣಕಾಲು ಹಿಡಿದುಕೊಂಡು ಎದ್ದ.

"ಸುಮಿತ, ಈ ಏಳು ಎಲ್ಲಿಂದ ಬಂದ್ವು?"

"ಗುಜರಿಯಾಂವ ತಂದ."

"ಯಾವ ಗುಜರಿಯಾಂವ?"

"ದಿನಾ ಹತ್ತ ಮಂದಿ ಬರ್ತಾರ. ಹೆಸರ ಬರಕೋತ ಕುಂಡ್ರಾಕ ಇದೇನ್ ಸಾಲಿ ಏನ್ರಿ?"

"ಗುಜರಿಗೆ ಹಾಕೂ ಬ್ಯಾಟರಿ ಇಷ್ಟ ಹೊಸಾವು ಇರ್ತಾವು? ನೋಡಿಲ್ಲೆ, ಬಾಜೂಕ ಬಿಳೇ ಬಣ್ಣ ಕೆರದೀ. ನಮ್ಮ ಕೇಂದ್ರದ ನಂಬರ್ ಇತ್ತಿಲ್ಲಿ. ಪೂರಾ ಕೆರಿಯಾಕ ಬ್ಯಾಸರಾತೇನು?"

ಸುಮಿತ ಕೈಯಲ್ಲಿದ್ದ ಸ್ಪ್ಯಾನರನ್ನು ಚಿಂದಿಯಿಂದ ಒರೆಸತೊಡಗಿದ. ಮೊದಲೇ ಸ್ವಚ್ಛವಿದ್ದ ಸ್ಪ್ಯಾನರು.

"ಏನ್ರಿ ಕಾಕಾ, ಬಡವರ ಹೊಟ್ಟಿ ಮ್ಯಾಲೆ ಯಾಕ ಹೊಡೀತೀರಿ?"

"ಬಡವರ ಮಾತ ತಗದೀ, ಚಲೋ ಆತು. ಅಲ್ಲಿ ಸಾತಪ್ಪ ಅಂತ ಒಬ್ಬ ಗೌಳಿ ಐದ ದಿನದಿಂದ ಖಾನಾಪುರದಾಗ ಲಾಕಪ್ಪಿನ್ಯಾಗ ಕುಂತಾನ. ನಮ್ಮ ಸಂಜುನ್ನ ಅವನೇ ಕೊಂದ ಅಂತ ಕೇಸು. ಅಂವಾ ಸಂಜುನ ಮ್ಯಾಲೆ ಕೂಗಾಡಿದ್ದು ಖರೇ. ಯಾಕ ಕೂಗ್ಯಾಡಿದ? 'ಹೊಸಾ ಬ್ಯಾಟರಿ ಅಂತ ಕೊಟ್ಟಿ, ಎಂಟ ದಿನಕ್ಕ ಸತ್ತು ಹೋತು' ಅಂತ. ಹೆಣದ ಬಾಜೂಕ ಅವನ ಕೊಡ್ಲಿ ಸಿಕ್ಕೈತಿ. ಪೊಲೀಸ್ ಕಸ್ಟಡಿ ಇವತ್ತಿಗೆ ಮುಗೀತೈತಿ, ಸಂಜಿ ಐದಕ್ಕ ಅವನ್ನ ಮತ್ತ ಕೋರ್ಟಿಗೆ ಹಾಜರ ಮಾಡ್ತಾರ. ಅಷ್ಟರಾಗ ಈ ಬ್ಯಾಟರಿ ಎಲ್ಲಿಂದ ಬಂತು ಅನ್ನೂದು ಜಡ್ಜ್ ಸಾಹೇಬ್ರ ಕಿವಿಗೆ ಬೀಳಲಿಲ್ಲಂದ್ರ, ಅಂವಾ ಹಿಂಡಲಗಾ ಜೈಲಿಗೆ. ಆಮ್ಯಾಲೆ ಆ ಕಾಡಿನ ಮನಷ್ಯಾನ್ನ ಯಾರ್ ಬಿಡಿಸಿಕೊಂಡ ಬರ್ತಾರ? ನೀ?"

"ನಾ ಯಾರನ್ನೂ ಕೊಂದಿಲ್ಲ."

"ಕೊಂದೀ ಅಂದ್ನೇನು? ತಂದಾಂವ ಯಾರು ಅಂತ ಕೇಳಿದೆ."

ಸುಮಿತ ಸ್ಪ್ಯಾನರನ್ನು ಕೆಳಗಿಟ್ಟ. "ಸಂಜುನೇ ತಂದ," ಎಂದ. "ನಿಮ್ಮ ಮೆಕ್ಯಾನಿಕ್. ಅವನೇ ತಂದ, ಅವನೇ ಬದಲಿ ಮಾಡ್ಕೊಂಡ ಹೋದ. ಸತ್ತಾಂವನ್ನ ಕೇಳ್ರಿ, ಹೋಗ್ರಿ."

ಆ ಮಾತು ಬಸಲಿಂಗಪ್ಪನಿಗೆ ಆಸಿಡ್ಡಿಗಿಂತ ಹೆಚ್ಚು ಉರಿಯಿತು. ಆದರೆ ಸಿಟ್ಟು ತೋರಿಸದೆ ಜೇಬಿನಿಂದ ಆ ಚೀಟಿ ತೆಗೆದು, ಮಡಿಕೆ ಬಿಡಿಸಿ, ಸುಮಿತನ ಮೂಗಿನ ಕೆಳಗೆ ಹಿಡಿದ.

"ಓದು. ಇದು ಸಂಜುನ ಅಕ್ಷರ. 'ಪೀರನವಾಡಿ', ಬಾಜೂಕ ನಿನ್ನ ಫೋನ್ ನಂಬರ್, ಅದರ ಮುಂದ ಎಷ್ಟ ದೊಡ್ಡ ಪ್ರಶ್ನಾ ಗುರ್ತ ಹಾಕ್ಯಾನ ನೋಡು, ಎರಡ ಸಲ ತಿದ್ದಿ. ತಾನ ಇಲ್ಲಿ ತಂದ ಇಟ್ಟಾಂವ ಆಗಿದ್ರ ಈ ಗುರ್ತ ಯಾಕ ಹಾಕ್ತಿದ್ದ? ಅಂವಾ ಹುಡುಕ್ಕೋತ ಬಂದಿದ್ದ. ನಿನಗ ಫೋನ್ ಮಾಡಿದ್ದ. ಹೌದಿಲ್ಲೊ?"

ಹೊರಗೆ ಗೋವಾದ ಕಡೆ ಹೋಗುವ ಲಾರಿಯೊಂದು ಗದ್ದಲ ಮಾಡುತ್ತ ಹಾದುಹೋಯಿತು. ಸುಮಿತನ ಹಣೆಯ ಮೇಲೆ ಬೆವರು ಮೂಡಿತ್ತು. ಜನವರಿಯ ಚಳಿಯ ಮುಂಜಾನೆ ಅದು.

"ಶುಕ್ರವಾರ ಮಾಡಿದ್ದ," ಎಂದ, ಕೇಳಿಸಿಯೂ ಕೇಳಿಸದಂತೆ. "ಏಳೂ ಇಟ್ಟಿರು, ನಾಳೆ ಒಯ್ತೀನಿ ಅಂದ. ನಾಳೆ ಅಂದ್ರ ಶನಿವಾರ. ಶನಿವಾರ ಅಂವಾ..."

"ಶನಿವಾರ ಅಂವಾ ಹೆಣ ಆಗಿದ್ದ. ಅಂವಾ ಫೋನ್ ಮಾಡಿದ್ದು ನೀ ಯಾರಿಗೆ ಹೇಳಿದಿ?"

ಸುಮಿತ ಬಾಗಿಲ ಹತ್ತಿರ ಹೋಗಿ, ತಗಡಿನ ಸಂದಿಯಿಂದ ರಸ್ತೆ ನೋಡಿದ. ಹೊರಳಿದಾಗ ಅವನ ಮುಖದ ಬಣ್ಣವೇ ಬೇರೆಯಾಗಿತ್ತು.

"ಕಾಕಾ, ಯಾರ ಕೂಡ ಬಂದೀರಿ ನೀವು?"

"ಪ್ರಮಿಳಕ್ಕಾರ ಟೆಂಪೋದಾಗ. ಕರೀಲ್ಯಾ? ಅಕ್ಕಾರ ಮುಂದ ನಿಂತ ಹೇಳ್ತಿಯೇನು?"

"ಬ್ಯಾಡ!" ಎಂದವನೇ ಸುಮಿತ ಒಂದು ಗೋಣಿಚೀಲ ಎಳೆದು, ಮೊದಲನೆಯ ಬ್ಯಾಟರಿಗೆ ಸುತ್ತಿ, ಬಸಲಿಂಗಪ್ಪನ ಕಾಲ ಹತ್ತಿರ ತಂದಿಟ್ಟ. "ಒಯ್ರಿ ಇದನ್ನ. ಒಂದ ಸಾಕಲ್ಲ ನಿಮಗ? ನಾ ಏನೂ ಹೇಳಿಲ್ಲ, ನೀವು ಏನೂ ಕೇಳಿಲ್ಲ. ನನಗ ಎರಡ ತಿಂಗಳ ಕೂಸ ಐತಿ ಕಾಕಾ. ಹೋಗ್ರಿ ಇನ್ನ."

ಪ್ರಮಿಳಕ್ಕನ ಹೆಸರು ಕೇಳಿದರೆ ತಪ್ಪು ಮಾಡಿದವರಿಗೆ ನಾಚಿಕೆಯಾಗುವುದು ಸಹಜ, ಅಂದುಕೊಂಡ ಬಸಲಿಂಗಪ್ಪ. ಈ ಊರಲ್ಲಿ ಅವಳಿಗೆ ಅಂಥ ಮರ್ಯಾದೆ ಇತ್ತು. ಅಷ್ಟು ವರ್ಷ ಸರ್ವಿಸ್ ಮಾಡಿದ ಮನುಷ್ಯ ಹೆದರಿಕೆಯನ್ನು ನಾಚಿಕೆ ಅಂದುಕೊಂಡದ್ದು ಅದೇ ಮೊದಲ ಸಲವಿರಬೇಕು.

*

ಬೆಳಗಾವಿಯಲ್ಲಿ ಟೆಂಪೋ ಓಡಿಸುವ ಹೆಣ್ಣುಮಗಳೆಂದರೆ ಪ್ರಮಿಳಕ್ಕ ಒಬ್ಬಳೇ. ಐವತ್ತೆರಡರ ವಯಸ್ಸು, ಹಣೆಯ ಮೇಲೆ ಮೂರೆಳೆ ವಿಭೂತಿ, ಇಳಕಲ್ ಸೀರೆಯ ಕಚ್ಚೆ. ಗಂಡ ತೀರಿಕೊಂಡ ಮೇಲೆ ಒಂದು ಒಲೆ, ಹಿಟ್ಟು ನಾದುವ ಒಂದು ಕೊಣಮಿಗೆಯಿಂದ ಶುರು ಮಾಡಿ, ಮುನ್ನೂರು ರೊಟ್ಟಿ ಒಬ್ಬಳೇ ಬಡಿದು, ತಾನೇ ಹೊತ್ತು ಮಾರಿ ಬೆಳೆದವಳು. ತೋಳು ಒನಕೆಯಂತಿದ್ದವು.

ಬಸಲಿಂಗಪ್ಪ ಗೋಣಿಯ ಗಂಟನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಏದುತ್ತ ಬಂದಾಗ, ಅವಳು ಕೆಳಗಿಳಿದು, ಅದನ್ನು ಒಂದೇ ಕೈಯಲ್ಲಿ ಎತ್ತಿ ಟೆಂಪೋದ ಹಿಂದೆ ಇಟ್ಟಳು.

"ನನ್ನ ಮಾನ ತಗೀಬ್ಯಾಡ್ರಿ ಅಕ್ಕಾರ, ರಸ್ತೇದಾಗ ಮಂದಿ ನೋಡಾಕ್ಹತ್ತಾರ," ಎಂದ.

"ನೋಡ್ಲಿ ಬಿಡ್ರಿ. ಬೆರಳಿಗೇನಾತು?"

"ಆಸಿಡ್ ಹತ್ತಿತು."

"ಗಂಡಸ್ರಿಗೆ ನೋಡಾಕ ಕಣ್ಣ ಸಾಲೂದಿಲ್ಲ, ಮುಟ್ಟೇ ನೋಡಬೇಕು." ಬಾಟಲಿಯ ನೀರು ಸುರಿದು ತೊಳೆದಳು. ಸೊಂಟದ ಚೀಲದಿಂದ ಒಂದು ಪುಟ್ಟ ತಗಡಿನ ಡಬ್ಬಿ ತೆಗೆದು, ಮುಲಾಮು ಬಳಿದಳು. ಉರಿ ತಟ್ಟನೆ ಇಳಿಯಿತು.

ಆ ಮುಲಾಮು ಕೇಂದ್ರದಲ್ಲಿ ಎಲ್ಲರಿಗೂ ಗೊತ್ತು. ಬಿಸಿ ಹಂಚಿಗೆ ಕೈ ಸುಟ್ಟು, ಬೆರಳು ಬಿರಿದ ಹೆಂಗಸರಿಗಾಗಿ ಪ್ರಮಿಳಕ್ಕ ಜೇನುಮೇಣ, ಹರಳೆಣ್ಣೆ, ಕರ್ಪೂರ ಹಾಕಿ ತಾನೇ ಕಾಸುತ್ತಿದ್ದಳು. ಆದರೆ ಇವತ್ತು ವಾಸನೆ ಬೇರೆ.

"ಕರ್ಪೂರ ಇಲ್ಲಲ್ರೀ ಇದರಾಗ?"

"ನಿಮ್ಮ ಮೂಗಿಗೆ ಏನ್ ಹೇಳೂದು! ರೊಟ್ಟಿಗೆ ಕರ್ಪೂರದ ವಾಸನಿ ಹತ್ತತೈತಿ ಅಂತ ಗಿರಾಕಿ ಗೊಣಗ್ಯಾಡಾಕ್ಹತ್ತಿದ್ರು. ಅದಕ್ಕ ಈ ಸಲ ಲವಂಗದ ಎಣ್ಣಿ ಹಾಕಿ ನೋಡೀನಿ. ಸಂಕ್ರಾಂತಿ ಮುಂದ ಒಂದ ಡಬ್ಬಿ ಅಷ್ಟ ಮಾಡಿದ್ದು. ಹುಡಿಗ್ಯಾರಿಗೆ ಇನ್ನೂ ಕೊಟ್ಟಿಲ್ಲ. ಮೊದಲ ನನ್ನ ಕೈಗೆ ಹಚ್ಚಿ ಗುಣಾ ನೋಡಬೇಕಲ್ಲ?"

ಬಸಲಿಂಗಪ್ಪನ ಮನಸ್ಸು ಕರಗಿತು. ಇಂಥ ಹೆಣ್ಣುಮಗಳ ಕೇಂದ್ರದಲ್ಲಿ ಕಳ್ಳರು ಹುಟ್ಟಿದರಲ್ಲ ಅಂದುಕೊಂಡ.

ದಾರಿಯುದ್ದಕ್ಕೂ ಅವನೇ ಮಾತಾಡಿದ. ಇರುವೆಯ ಸಾಲು, ಹಳಸಿದ ಬೆಣ್ಣೆ, ಕೆರೆದ ನಂಬರು, ಶುಕ್ರವಾರದ ಫೋನು, ಎಲ್ಲ ಹೇಳಿದ. ಹೇಳಬಾರದೆಂಬ ಯೋಚನೆಯೇ ಬರಲಿಲ್ಲ. ಸಂಜು ಸತ್ತ ಮರುದಿನ, "ನನ್ನ ಮಗಾ ಇದ್ದಂಗ ಇದ್ದ ಬಸಣ್ಣಾ, ನೀವು ಹುಡುಕಿ ಕೊಡ್ರಿ" ಅಂತ ಕೈ ಹಿಡಿದು ಅತ್ತವಳು ಅವಳೇ ತಾನೆ.

"ಬೆಣ್ಣಿ ಕೋರ್ಟಿನ್ಯಾಗ ನಡೀತೈತಿ ಅಂತೀರಿ?" ಜಾಂಬೋಟಿ ದಾಟುವಾಗ ಪ್ರಮಿಳಕ್ಕ ಕೇಳಿದಳು.

"ಸಾತಪ್ಪನ ಹೆಣ್ತಿ ಸಿದ್ದಕ್ಕ ಬಂದು 'ಇದು ನಾ ಹಚ್ಚಿದ ಬೆಣ್ಣಿ, ಇದು ನಮ್ಮ ಮನಿ ಬ್ಯಾಟರಿ' ಅಂತ ನಿಂತಳು ಅಂದ್ರ ನಡೀತೈತಿ. ಅವರ ಹೊಸಾ ಬ್ಯಾಟರಿ ಯಾರೋ ಮಾರಿಕೊಂಡು, ಸತ್ತ ಮಾಲ ಕೊಟ್ಟಾರ. ಸಂಜುಗ ಅದು ಗೊತ್ತಾತು. ಗೊತ್ತಾದದ್ದು ಯಾರಿಗೆ ಕಂಟಕ ಆತು? ಸಾತಪ್ಪಗಂತೂ ಅಲ್ಲ. ಅವಗ ಬ್ಯಾಟರಿ ತಿರುಗಿ ಬರೂದಿತ್ತು."

ಅವಳು ತಲೆಯಾಡಿಸಿದಳು. ಕಾಡು ದಟ್ಟವಾಯಿತು. ರಸ್ತೆಗೆ ಅಡ್ಡ ಬಂದ ಎಮ್ಮೆ ಹಿಂಡಿಗೆ ಹಾರ್ನ್ ಹೊಡೆಯುತ್ತ, "ದೀಪಾವಳಿ ಆದಮ್ಯಾಲೆ ಈ ಕಡೆ ನಾ ಬಂದೇ ಇಲ್ಲ," ಎಂದಳು. "ಕೇಂದ್ರದ ಹಲಗಿ ನೋಡೀರಲ್ಲ? 'ಬೆಳಕು ಬಂದ ಮನೆ ನೂರಾ ಹದಿನಾಕು'. ಮಾರ್ಚ್ ಬರೂದ್ರಾಗ ನೂರಾ ಐವತ್ತ ಮಾಡ್ತೀನಿ ಅಂತ ಎಲ್ಲಾರ ಮುಂದ ಮಾತ ಕೊಟ್ಟೀನಿ. ಅದೊಂದ ಆತಂದ್ರ ಸಾಕ ನನಗ."

ಕಣಕುಂಬಿಗೆ ಇನ್ನೂ ಎರಡು ಮೈಲಿ ಇರುವಾಗ ಎಡಕ್ಕೆ ಒಂದು ಮಣ್ಣುದಾರಿ. ಬೋರ್ಡಿಲ್ಲ, ಗುರುತಿಲ್ಲ. ಈ ದಾರಿ ಹೊಸ ಗಾಡಿಹಾದಿ, ಡಿಸೆಂಬರಿನಲ್ಲಿ ಅರಣ್ಯದವರು ಕಡಿದದ್ದು ಅಂತ ಸಂಜಯ ಹೇಳಿದ್ದ. "ಅಲ್ಲೇ ಎಡಕ್ಕ..." ಎಂದು ಬಸಲಿಂಗಪ್ಪ ಬಾಯಿ ತೆರೆಯುವ ಮೊದಲೇ ಪ್ರಮಿಳಕ್ಕ ಸ್ಟಿಯರಿಂಗ್ ಎಡಕ್ಕೆ ತಿರುಗಿಸಿಯಾಗಿತ್ತು.

ಅವನು ಅದನ್ನು ಗಮನಿಸಿದ. ಆದರೆ ಅವಳ ಹಿಂದಿನ ಮಾತಿಗೆ ಗಂಟು ಹಾಕಲಿಲ್ಲ.

*

ಗಾಡಿ ಹೋಗುವುದು ಒರತೆಯ ತನಕ. ಬಂಡೆಯ ಬುಡದಲ್ಲಿ ತೆಳ್ಳಗೆ ಹರಿಯುವ ಆ ನೀರಿನ ಪಕ್ಕದಲ್ಲೇ ಕಮರಿ. ಸಂಜಯ ಬಿದ್ದದ್ದು, ಅಥವಾ ಅವನನ್ನು ಬೀಳಿಸಿದ್ದು, ಅಲ್ಲೇ.

"ಬ್ಯಾಟರಿ ಇಲ್ಲೇ ಇರ್ಲಿ ಅಕ್ಕಾರ. ಸಿದ್ದಕ್ಕನ್ನ ಇಲ್ಲಿಗೇ ಕರಕೊಂಡ ಬರ್ತೀನಿ," ಎಂದು ಬಸಲಿಂಗಪ್ಪ ಏರು ಹತ್ತಿದ.

ಏಳು ಗುಡಿಸಲು. ಏಳಕ್ಕೂ ಮೇಲೊಂದೊಂದು ನೀಲಿ ಪ್ಯಾನೆಲ್, ಬಿಸಿಲಲ್ಲಿ ಮಿಂಚುತ್ತಿತ್ತು. ಒಳಗೆ ಮಾತ್ರ ಕತ್ತಲೆ. ಸಾತಪ್ಪನ ಮನೆಯ ಮೇಲೆ ನೇರಳೆ ಮರದ ಕೊಂಬೆಯೊಂದು ಅರ್ಧ ಕಡಿದು ಜೋತುಬಿದ್ದಿತ್ತು.

ಸಿದ್ದಕ್ಕ ಹೊಸ್ತಿಲಲ್ಲಿ ಕೂತಿದ್ದಳು. ಕಡೆಗೋಲು ಕೈಯಲ್ಲಿತ್ತು, ಕಡೆಯುತ್ತಿರಲಿಲ್ಲ. ಕೇಳಿದ ಮೊದಲ ಮಾತು:

"ಅಣ್ಣಾ, ಅವ್ರು ಉಂಡಾರೇನು?"

"ಉಂಡಾರವ್ವಾ."

"ಸುಳ್ಳ ಹೇಳ್ತೀರಿ. ಅವ್ರಿಗೆ ನಾಲ್ಕ ಗ್ವಾಡಿ ನಡುವೆ ಕುಂದ್ರಿಸಿದ್ರ ಅನ್ನ ಇಳಿಯೂದಿಲ್ಲ. ಬಾಗಲಾ ಹಾಕ್ಕೊಂಡ ಮಕ್ಕೊಂಡ ಮನಷ್ಯಾ ಅಲ್ಲ ಅದು." ಸೆರಗಿನಿಂದ ಮೂಗು ಒರೆಸಿಕೊಂಡಳು. "ಕೊಡ್ಲಿ, ಕೊಡ್ಲಿ ಅಂತಾರ. ಆ ಟೊಂಗಿ ನೋಡ್ರಿ. ಪ್ಯಾನಲ್ಲಿಗೆ ನೆರಳ ಬೀಳತೈತಿ, ಕಡೀಬೇಕು ಅಂತ ಸಂಜು ಕೊಡ್ಲಿ ಇಸಗೊಂಡ. ಅರ್ಧಾ ಕಡದಿದ್ದ. ಕೆಳಗ ಒರತಿ ಕಡೆ ಟೆಂಪೋ ಹಾರ್ನ್ ಹೊಡೀತು. ಕೊಡ್ಲಿ ಕೈಯಾಗ ಹಿಡಕೊಂಡ ಇಳದ ಹೋದ. ಮತ್ತ ಹೊಳ್ಳಿ ಬರಲಿಲ್ಲ."

"ಟೆಂಪೋ?"

"ನಾ ನೋಡಿಲ್ಲ. ಹಾರ್ನ್ ಕೇಳಿದ್ದು."

"ಇದನ್ನ ಫೌಜದಾರ್ರಿಗೆ ಹೇಳಿದೀಯಾ?"

"ಹೇಳೀನಿ. 'ಕಾಡಿನ್ಯಾಗ ಯಾವ ಟೆಂಪೋ ಬರತೈತಿ' ಅಂದ್ರು."

ಬಸಲಿಂಗಪ್ಪ ಒಮ್ಮೆ ಒರತೆಯ ಕಡೆ ತಿರುಗಿ ನೋಡಿದ. ಆಮೇಲೆ ಬಗ್ಗಿ ಒಳಗೆ ಹೋದ. ಬಾಗಿಲ ಪಕ್ಕದ ಹಲಗೆಯ ಮೇಲೆ ಆ ಬದಲಿ ಬ್ಯಾಟರಿ ಇತ್ತು. ಮೇಲೆ ಹೊಸ ಬಣ್ಣ, ಹೊಸ ನಂಬರು. ಮುಚ್ಚಳ ತಿರುಗಿಸಿ ಬೆಳಕಿಗೆ ಹಿಡಿದು ನೋಡಿದ. ಒಳಗೆ ನೀರು ಕಪ್ಪು ಕೆಸರಾಗಿತ್ತು. ಹತ್ತು ವರ್ಷ ದುಡಿದು ಸತ್ತ ಲಾರಿ ಬ್ಯಾಟರಿಗೆ ಮದುಮಗನ ಪೋಷಾಕು.

"ಇದನ್ನ ಸಂಜು ಯಾವಾಗ ಹಾಕಿದ?"

"ಸಂಕ್ರಾಂತಿಗೆ ನಾಕ ದಿನ ಇತ್ತು. 'ಬಾಯೀ, ಹಳೇವ್ರಾಗ ಏನೋ ದೋಷ ಐತಂತ, ಕೇಂದ್ರದಿಂದ ಇನ್ನೂ ಚಲೋವು ಕಳಿಸ್ಯಾರ' ಅಂದ. ಒಂದೊಂದ ಹೊತ್ತ ತಂದ, ಒಂದೊಂದ ಹೊತ್ತ ಇಳಿಸಿದ. ಪಾಪ, ಅವಗೂ ಗೊತ್ತಿರಲಿಲ್ಲ. ಎಂಟ ದಿನಾ ಆದಮ್ಯಾಲೆ ನಮ್ಮವ್ರು ಬೈದಾಡಿದಾಗ ಇದರ ಮುಚ್ಚಳಾ ತಗದು ನೋಡಿ, ಮುಖಾ ಸಣ್ಣದ ಮಾಡ್ಕೊಂಡ ಕುಂತಬಿಟ್ಟ."

"ಇದಕ್ಕ ನೀ ಬೆಣ್ಣಿ ಹಚ್ಚಿಲ್ಲೇನವ್ವಾ?"

"ಇಲ್ರಿ. ಈ ಸಲ ಬ್ಯಾಡ, ಅಲ್ಲೇ ಏನೋ ಹಚ್ಚೇ ಕಳಿಸ್ಯಾರ ಅಂದ."

ಬಸಲಿಂಗಪ್ಪ ಟರ್ಮಿನಲ್ಲಿನ ಸುತ್ತ ಬಳಿದಿದ್ದ ಹಳದಿ ಜಿಡ್ಡನ್ನು ಉಗುರಿನಿಂದ ತೆಗೆದ. ವ್ಯಾಸಲೀನ್ ಅಲ್ಲ. ಮೇಣ. ಮೂಗಿನ ಹತ್ತಿರ ತಂದ.

ಲವಂಗ.

ತಪ್ಪಿರಬೇಕು, ತನ್ನ ಬೆರಳಿನದೇ ವಾಸನೆ ಇರಬೇಕು ಅಂತ ಎಡಗೈ ಕಿರುಬೆರಳಿನಿಂದ ಮತ್ತೆ ತೆಗೆದು ಮೂಸಿದ. ಬಲಗೈ ಹೆಬ್ಬೆರಳು ಮೂಸಿದ. ಮತ್ತೆ ಎಡಗೈ. ಎರಡೂ ಒಂದೇ.

ಒಂದೇ ಡಬ್ಬಿ ಮಾಡಿದ್ದು. ಯಾರಿಗೂ ಕೊಟ್ಟಿಲ್ಲ. ಸಂಕ್ರಾಂತಿ ಮುಂದ.

ಅವನು ಸಗಣಿ ಸಾರಿಸಿದ ನೆಲದ ಮೇಲೆ ಹಾಗೇ ಕೂತ. ದೀಪಾವಳಿಯ ಮೇಲೆ ಬಂದೇ ಇಲ್ಲ ಎಂದವಳು ಡಿಸೆಂಬರಿನಲ್ಲಿ ಕಡಿದ ದಾರಿಗೆ ಕೇಳದೆಯೇ ತಿರುಗಿಸಿದ್ದಳು. ಸುಮಿತ ಬಾಗಿಲ ಸಂದಿಯಿಂದ ನೋಡಿದ್ದು ಟೆಂಪೋವನ್ನು. "ಬ್ಯಾಡ!" ಅಂದದ್ದು ನಾಚಿಕೆಗಲ್ಲ. ಹಲಗೆಯ ಮೇಲಿನ ಅಂಕಿ ಏರುತ್ತಲೇ ಇತ್ತು. ಒಂದು ವಾಡಾದ ಹೊಸ ಬ್ಯಾಟರಿ ಕಿತ್ತು, ಸುಮಿತನ ಹತ್ತಿರ ನಂಬರು ಕೆರೆಸಿ ಇನ್ನೊಂದು ವಾಡಾಕ್ಕೆ ಹಾಕಿದರೆ, ಹಲಗೆಯ ಮೇಲೆ ಎರಡೂ ಬೆಳಕು ಬಂದ ಮನೆಗಳೇ. ನೂರಾ ಹದಿನಾಲ್ಕರಲ್ಲಿ ಇವತ್ತು ರಾತ್ರಿ ಖರೇ ದೀಪ ಹತ್ತುವ ಮನೆ ಎಷ್ಟು?

ಮುಚ್ಚಿಹೋದರೆ ಸಾತಪ್ಪ ಜೈಲಿಗೆ. ಬಯಲಾದರೆ ಇಪ್ಪತ್ತೆರಡು ಒಲೆ ಆರುತ್ತವೆ. ಅದರಲ್ಲಿ ಒಂದು ನಿಂಗವ್ವನದು.

"ಅಣ್ಣಾ, ನೀರ ಕೊಡ್ಲ್ಯಾ? ಮಾರಿ ಬೆಳ್ಳಗಾಗೈತಿ."

"ಬ್ಯಾಡವ್ವಾ. ಲಗೂ ಏಳು. ಐದರೊಳಗ ಖಾನಾಪುರ ಮುಟ್ಟಬೇಕು." ಬಾಗಿಲಲ್ಲಿ ನಿಂತು ದನಿ ಇಳಿಸಿದ. "ಕೆಳಗ ಹೋದಮ್ಯಾಲೆ ನೀ ಏನೂ ಮಾತಾಡಬ್ಯಾಡ. ಬ್ಯಾಟರಿ ನೋಡು, ತಲಿ ಅಲ್ಲಾಡಿಸು, ಅಷ್ಟ. ತಿಳೀತೇನು?"

ತಿಳಿಯಿತು ಎಂಬಂತೆ ಅವಳು ತಲೆಯಾಡಿಸಿದಳು. ಗಂಡನ ಧೋತರ, ಒಂದು ಗಡಿಗೆ ಮಜ್ಜಿಗೆ ಗಂಟು ಕಟ್ಟಿಕೊಂಡು ಅವನಿಗಿಂತ ಮುಂದೆ ಇಳಿಯತೊಡಗಿದಳು. ಇಳಿಯುತ್ತ ಓಡತೊಡಗಿದಳು.

ಬಸಲಿಂಗಪ್ಪ ಮೊಣಕಾಲು ನೋವಿನಿಂದ ಹಿಂದುಳಿದ. ತಿರುವು ದಾಟಿದಾಗ ಒರತೆ ಕಂಡಿತು, ಬಂಡೆ ಕಂಡಿತು, ಬಂಡೆಯ ಮೇಲೆ ಕಚ್ಚೆ ಬಿಗಿದು ಕೂತಿದ್ದ ಪ್ರಮಿಳಕ್ಕ ಕಂಡಳು.

ಗೋಣಿಚೀಲ ಒಗೆದು ಬಿಸಿಲಿಗೆ ಹರವಿತ್ತು. ಬ್ಯಾಟರಿ ಅವಳ ಕಾಲ ಹತ್ತಿರ, ತೊಳೆದು ಒರೆಸಿ, ಪೂಜೆಗಿಟ್ಟ ಹಾಗೆ ಫಳಫಳ ಹೊಳೆಯುತ್ತಿತ್ತು. ಒಂದು ಇರುವೆ ಇಲ್ಲ. ಒಂದು ಕಾಳಿನಷ್ಟು ಬೆಣ್ಣೆ ಇಲ್ಲ.

"ಗೋಣಿ ತುಂಬ ಇರುವಿ ಆಗಿದ್ವು ಬಸಣ್ಣಾ," ಎಂದಳು ಪ್ರಮಿಳಕ್ಕ, ಡಬ್ಬಿಯ ಮುಚ್ಚಳ ತಿರುಗಿಸುತ್ತ. "ಸೀಟಿನ ಮ್ಯಾಲೂ ಹರದಾಡಾಕ್ಹತ್ತಿದ್ವು. ಅದಕ್ಕ ತೊಳದಬಿಟ್ಟೆ. ನಮ್ಮ ಮುಲಾಮು ಒಂದೀಟ ಹಚ್ಚಿಟ್ಟೀನಿ, ಕಿಲುಬು ಹಿಡಿಯೂದಿಲ್ಲ." ಆಮೇಲೆ ಅದೇ ಅಕ್ಕರೆಯ ದನಿಯಲ್ಲಿ, "ಬೆರಳ ಉರಿ ಕಡಿಮಿ ಆತೇನ್ರಿ?" ಎಂದಳು.

ಬಸಲಿಂಗಪ್ಪ ಬ್ಯಾಟರಿಯಿಂದ ಕಣ್ಣೆತ್ತಿದ. ಅವಳ ಕಣ್ಣು ಅವನ ಎಡಗೈ ಕಿರುಬೆರಳಿನ ಮೇಲೆ, ಉಗುರಿಗಂಟಿದ ಹಳದಿ ಜಿಡ್ಡಿನ ಮೇಲೆ ನಿಂತಿತ್ತು. ನಿಂತು, ನಿಧಾನವಾಗಿ ಅವನ ಮುಖಕ್ಕೆ ಏರಿತು. ಇಬ್ಬರಿಗೂ ಗೊತ್ತಾಯಿತು, ಇನ್ನೊಬ್ಬರಿಗೆ ಗೊತ್ತಾಗಿದೆ ಎಂದು.

ಗೊತ್ತಾಗದಿದ್ದದ್ದು ಸಿದ್ದಕ್ಕನಿಗೆ ಮಾತ್ರ. ಅವಳು ಬ್ಯಾಟರಿಯ ಮುಂದೆ ಮಂಡಿಯೂರಿ, ಟರ್ಮಿನಲ್ ಮುಟ್ಟಿ, ಗೊಳೋ ಎಂದು ಅತ್ತುಬಿಟ್ಟಳು.

"ಬೆಣ್ಣಿ ಹೋತಲ್ಲ ಅಣ್ಣಾ! ಇನ್ನ ಕೋರ್ಟಿನ್ಯಾಗ ಏನ್ ತೋರ್ಸೂದು?"

"ಸಿದ್ದವ್ವಾ, ಏಳು, ಗಾಡಿ ಹತ್ತು..."

ಆದರೆ ಸಿದ್ದಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, ಇದ್ದಕ್ಕಿದ್ದಂತೆ ಮುಖ ಎತ್ತಿದಳು. ಐದು ದಿನದಲ್ಲಿ ಮೊದಲ ಸಲ ಆ ಮುಖದಲ್ಲಿ ಜೀವ ಬಂದಿತ್ತು.

"ಹೋದ್ರ ಹೋಗ್ಲಿ! ನನಗ ಮರ್ತ ಹೋಗಿತ್ತು ನೋಡ್ರಿ. ನಮ್ಮ ವಾಡ್ಯಾದಾಗ ಬಂದದ್ದು ಎಮ್ಮಿ ಇರ್ಲಿ, ಬ್ಯಾಟರಿ ಇರ್ಲಿ, ನಮ್ಮ ಮನಿತನದ ಬರಿ ಹಾಕಲಾರದ ಬಿಡೂದಿಲ್ಲ. ಕುಡಗೋಲ ಕಾಸಿ ಏಳಕ್ಕೂ ನಾನ ಒಂದ ಗುರ್ತ ಇಟ್ಟೀನಿ. ಅದು ತೊಳದ್ರ ಹೋಗೂದಲ್ಲ!"

ಬಸಲಿಂಗಪ್ಪ ಜೋರಾಗಿ ಕೆಮ್ಮಿದ. ಸಿದ್ದಕ್ಕ ತಿರುಗಿ ನೋಡಲಿಲ್ಲ.

ಪ್ರಮಿಳಕ್ಕ ಬಂಡೆಯಿಂದ ಎದ್ದಳು. ಬಗ್ಗಿ, ಬ್ಯಾಟರಿಯನ್ನು ಒಂದೇ ಕೈಯಲ್ಲಿ ಎತ್ತಿಕೊಂಡಳು. ಹಿಂದಕ್ಕೆ ಒಂದು ಹೆಜ್ಜೆ ಇಟ್ಟಳು. ಅವಳ ಬೆನ್ನ ಹಿಂದೆ ಕಮರಿಯ ಅಂಚು.

"ಹೌದೇನವ್ವಾ?" ಎಂದಳು, ಮಗುವನ್ನು ಮಾತಾಡಿಸುವಂತೆ. "ಎಲ್ಲೈತಿ ಆ ಗುರ್ತ? ಬಾ ಇಲ್ಲೆ, ಹತ್ತರ ಬಂದು ತೋರ್ಸು ನೋಡೂಣು."

ಸಿದ್ದಕ್ಕ ಎದ್ದು ಅವಳ ಕಡೆ ನಡೆದಳು.